ಮಾಳಿಗೆಗಿಂತ ಮೊದಲು ಬಚ್ಚಲು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಮನೆಗಳಿಗೊಂದು ಇಂಧನ ಮಾರ್ಗದರ್ಶಿ

ಕರೆಂಟ್ ಉಳಿಸಬೇಕು ಅಂದ ಕೂಡಲೇ ಎಲ್ಲರ ಕಣ್ಣು ಮಾಳಿಗೆ ಮೇಲೆ ಹೋಗುತ್ತದೆ. ಪ್ಯಾನೆಲ್‌ಗೆ ಎಷ್ಟು ಬೀಳುತ್ತದೆ, ಸಬ್ಸಿಡಿ ಎಷ್ಟು ಬರುತ್ತದೆ, ಯಾರು ಹಾಕಿಕೊಡ್ತಾರೆ ಅನ್ನೋದೇ ಮೊದಲ ಪ್ರಶ್ನೆ. ಪ್ಯಾನೆಲ್ ಒಳ್ಳೆಯದೇ. ಅದರ ಬಗ್ಗೆ ಕೆಳಗೆ ವಿವರವಾಗಿ ಬರೆದಿದ್ದೇನೆ. ಆದರೆ ನಮ್ಮ ಕಡೆಯ ಸಾಮಾನ್ಯ ಮನೆಯಲ್ಲಿ ಇಂಧನ ಹೆಚ್ಚು ಹೋಗುವುದು ದೀಪಕ್ಕಲ್ಲ, ಕಾಯಿಸುವುದಕ್ಕೆ. ಜಳಕದ ನೀರು ಕಾಯಬೇಕು, ಅಡುಗೆ ಬೇಯಬೇಕು. ಹಳ್ಳಿಯಾದರೆ ಇದರ ಜೊತೆಗೆ ಬೋರಿನಿಂದ ನೀರು ಎತ್ತಬೇಕು. ಆದ್ದರಿಂದ ಬಚ್ಚಲಿನಿಂದ ಶುರು ಮಾಡಿ, ಅಡುಗೆಮನೆಗೆ ಬಂದು, ಮಾಳಿಗೆಗೆ ಆಮೇಲೆ ಹತ್ತಿ. ಹೀಗೆ ಹೋದರೆ ಖರ್ಚೂ ಕಡಿಮೆ, ಸುಡುವ ಕಲ್ಲಿದ್ದಲು, ಗ್ಯಾಸೂ ಕಡಿಮೆ.

ನಮ್ಮ ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹೆಸ್ಕಾಂ ತಂತಿಯಲ್ಲಿ ಎಲ್ಲ ಊರಿನ ಕರೆಂಟೂ ಬೆರೆತಿರುತ್ತದೆ. ರಾಯಚೂರು ಮತ್ತು ಬಳ್ಳಾರಿಯ ಕುಡಿತಿನಿಯಲ್ಲಿ ಕಲ್ಲಿದ್ದಲು ಸುಡುತ್ತಾರೆ. ಶರಾವತಿ, ಕಾಳಿ ನದಿಗಳಿಂದ ಜಲವಿದ್ಯುತ್ ಬರುತ್ತದೆ. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ಘಟಕಗಳಿವೆ. ಪಾವಗಡದಲ್ಲಿ 2050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಗದಗ ಜಿಲ್ಲೆಯವರಿಗಂತೂ ಕಪ್ಪತಗುಡ್ಡದ ಕಡೆ ತಿರುಗುವ ಗಾಳಿಯಂತ್ರಗಳನ್ನು ತೋರಿಸಬೇಕಾಗಿಲ್ಲ. ಇದರಲ್ಲಿ ಒಂದು ವಿಷಯ ಗಮನಿಸಿ. ಹಗಲು ಬಿಸಿಲಿದ್ದಾಗ ತಂತಿಯಲ್ಲಿ ಸೋಲಾರ್ ಪಾಲು ಜಾಸ್ತಿ ಇರುತ್ತದೆ. ಬೆಳಗಿನ ಜಳಕದ ಹೊತ್ತಿಗೆ ಮತ್ತು ಸಂಜೆ ದೀಪ ಹಚ್ಚಿದ ಮೇಲೆ ಆ ಪಾಲು ಇಳಿಯುತ್ತದೆ, ಕಲ್ಲಿದ್ದಲು ಮತ್ತು ನೀರಿನ ಮೇಲೆ ಭಾರ ಬೀಳುತ್ತದೆ. ನೀರೆತ್ತುವ ಮೋಟರ್, ಇಸ್ತ್ರಿ, ಬಟ್ಟೆ ಒಗೆಯುವ ಮಷಿನ್ ಇವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ಒಂದು ರೂಪಾಯಿ ಖರ್ಚಿಲ್ಲದೆ ನೀವು ಬಿಸಿಲಿನ ಕರೆಂಟ್ ಬಳಸಿದ ಹಾಗಾಯಿತು.

ಹೆಜ್ಜೆ 1: ಬಿಲ್ಲು ಬಿಚ್ಚಿ ಓದಿ

ಕಳೆದ ಒಂದು ವರ್ಷದ ಬಿಲ್ಲು ಮುಂದಿಟ್ಟುಕೊಳ್ಳಿ. ಹಣದ ಅಂಕಿ ಬಿಡಿ, ಯೂನಿಟ್ ನೋಡಿ. ತಿಂಗಳಿಗೊಂದು ಸಾಲಿನಂತೆ ಬರೆದುಕೊಳ್ಳಿ. ನವೆಂಬರ್‌ನಿಂದ ಜನವರಿವರೆಗೆ ಯೂನಿಟ್ ಏರಿದ್ದರೆ ಅದು ಗೀಸರಿನ ಕೆಲಸ. ಮಾರ್ಚ್‌ನಿಂದ ಮೇವರೆಗೆ ಏರಿದ್ದರೆ ಫ್ಯಾನ್, ಕೂಲರ್, ಫ್ರಿಜ್ಜು. ವರ್ಷವಿಡೀ ಒಂದೇ ಸಮ ಜಾಸ್ತಿ ಇದ್ದರೆ ಹಳೇ ಫ್ರಿಜ್ಜು ಅಥವಾ ನೀರಿನ ಮೋಟರ್ ಮೇಲೆ ಅನುಮಾನ ಪಡಿ.

ಗೃಹಜ್ಯೋತಿ ಬಂದ ಮೇಲೆ ಬಹಳ ಮನೆಗಳಲ್ಲಿ ಬಿಲ್ಲು ಸೊನ್ನೆ. ಹಾಗಾಗಿ ಯೂನಿಟ್ ನೋಡುವುದನ್ನೇ ಬಿಟ್ಟುಬಿಟ್ಟಿದ್ದೇವೆ. ನೋಡಲೇಬೇಕು. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಉಚಿತ ಮಿತಿ ಗೊತ್ತು ಮಾಡಿದ್ದಾರೆ. ಆ ಮಿತಿ ದಾಟಿದರೆ ದಾಟಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಚಳಿಗಾಲದಲ್ಲಿ 195ರಲ್ಲಿ ಓಡುತ್ತಿರುವ ಮನೆಗೆ ಗೀಸರಿನ ಹತ್ತೇ ಹತ್ತು ಯೂನಿಟ್ ಎಷ್ಟು ದುಬಾರಿ ಬೀಳಬಹುದು, ನೀವೇ ಲೆಕ್ಕ ಹಾಕಿ.

ಬಿಲ್ಲಿನ ಜೊತೆಗೆ ಮೀಟರನ್ನೂ ಒಮ್ಮೆ ನೋಡಿ. ರಾತ್ರಿ ಮಲಗುವಾಗ ರೀಡಿಂಗ್ ಬರೆದಿಡಿ, ಬೆಳಗ್ಗೆ ಎದ್ದ ಕೂಡಲೇ ಇನ್ನೊಮ್ಮೆ ಬರೆಯಿರಿ. ಫ್ರಿಜ್ಜು, ಫ್ಯಾನು ಬಿಟ್ಟರೆ ಏನೂ ಓಡದ ಹೊತ್ತಿನಲ್ಲಿ ಎರಡು-ಮೂರು ಯೂನಿಟ್ ಓಡಿದ್ದರೆ ಎಲ್ಲೋ ಸೋರಿಕೆ ಇರಬಹುದು ಅಥವಾ ಯಾವುದೋ ಯಂತ್ರ ಕೆಟ್ಟಿರಬಹುದು. ಎಲೆಕ್ಟ್ರಿಷಿಯನ್ ಕರೆದು ವೈರಿಂಗ್ ತೋರಿಸಿ.

ಹೆಜ್ಜೆ 2: ಯಾವುದು ಎಷ್ಟು ತಿನ್ನುತ್ತದೆ

1000 ವಾಟ್‌ನ ಸಾಮಾನು ಒಂದು ತಾಸು ಓಡಿದರೆ 1 ಯೂನಿಟ್. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ಸಾಮಾನಿನ ಹಿಂದೆ ಅಂಟಿಸಿದ ಚೀಟಿಯಲ್ಲೇ ಇರುತ್ತದೆ. 9 ವಾಟ್‌ನ ಎಲ್‌ಇಡಿ ಬಲ್ಬ್ ದಿನಕ್ಕೆ ಆರು ತಾಸು ಉರಿದರೂ ತಿಂಗಳಿಗೆ 2 ಯೂನಿಟ್ ದಾಟುವುದಿಲ್ಲ. ಹಳೇ ಫ್ಯಾನ್ 75 ವಾಟ್. ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್. ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಳ ಬರುವುದು ಕೆಲವು ದಿನಕ್ಕೊಮ್ಮೆ. ಬಂದಾಗ ನೆಲದ ಟ್ಯಾಂಕ್ ತುಂಬಿಸಿ ಅಲ್ಲಿಂದ ಮಾಳಿಗೆಗೆ ಏರಿಸುತ್ತೇವೆ. 1 ಎಚ್‌ಪಿ ಮೋಟರ್ ಒಂದು ತಾಸಿಗೆ ಹತ್ತಿರ ಹತ್ತಿರ 1 ಯೂನಿಟ್ ಎಳೆಯುತ್ತದೆ. ಟ್ಯಾಂಕ್ ತುಂಬಿ ಮಾಳಿಗೆ ಮೇಲೆ ಹರಿಯುವವರೆಗೂ ಓಡಿಸಿದರೆ ಕರೆಂಟ್ ಜೊತೆಗೆ ಮಲಪ್ರಭೆಯ ನೀರೂ ಹೋಯಿತು.

ಇನ್ನು ಗೀಸರ್. ಸಾಮಾನ್ಯವಾಗಿ 2000 ವಾಟ್. ಅರ್ಧ ತಾಸಿಗೆ 1 ಯೂನಿಟ್. ಬಕೆಟ್‌ನಲ್ಲಿ ಇಳಿಬಿಡುವ ಕಾಯಿಲ್ ಕೂಡ ಅದೇ ಜಾತಿ, ಮೇಲಾಗಿ ಅಪಾಯಕಾರಿ.

ಹೆಜ್ಜೆ 3: ಬಚ್ಚಲು

ನಾಲ್ಕು ಮಂದಿ ಇರುವ ಮನೆ ಹಿಡಿಯೋಣ. ತಲೆಗೆ ಸುಮಾರು 25 ಲೀಟರ್ ಬಿಸಿನೀರು, ಒಟ್ಟು 100 ಲೀಟರ್. 20 ಡಿಗ್ರಿಯ ನೀರನ್ನು 45 ಡಿಗ್ರಿಗೆ ತರಲು ಹತ್ತಿರ ಹತ್ತಿರ 3 ಯೂನಿಟ್ ಶಾಖ ಬೇಕು. ಇದು ಯಾವ ಕಂಪನಿಯ ಗೀಸರ್ ತಂದರೂ ಬದಲಾಗುವುದಿಲ್ಲ. ತಿಂಗಳಿಗೆ 90 ಯೂನಿಟ್ ಆಯಿತು. ಇಷ್ಟೇ ನೀರನ್ನು ಗ್ಯಾಸ್ ಒಲೆಯ ಮೇಲೆ ಪಾತ್ರೆಯಲ್ಲಿ ಕಾಯಿಸಿದರೆ, ಅರ್ಧದಷ್ಟು ಕಾವು ಪಾತ್ರೆಯ ಸುತ್ತಲೇ ಹಾರಿಹೋಗುವುದರಿಂದ, ತಿಂಗಳಿಗೆ ಸುಮಾರು ಒಂದು ಸಿಲಿಂಡರ್ ಬೇಕು. ಸಾಮಾನ್ಯ ಮನೆಯಲ್ಲಿ ಇಷ್ಟು ಇಂಧನ ಕೇಳುವ ಕೆಲಸಗಳು ಕಡಿಮೆ. ಅದಕ್ಕೇ ಬಚ್ಚಲು ಮೊದಲು ಅಂದದ್ದು.

ಸೋಲಾರ್ ವಾಟರ್ ಹೀಟರ್ ಈ 90 ಯೂನಿಟ್‌ನಲ್ಲಿ ಬಹುಪಾಲು ಉಳಿಸುತ್ತದೆ. ಕರೆಂಟ್ ಮಾಡುವ ಪ್ಯಾನೆಲ್‌ಗಿಂತ ಇದು ಸರಳ, ಅಗ್ಗ. ಜಾಗವೂ ಕಡಿಮೆ ಸಾಕು. ಮೂರು-ನಾಲ್ಕು ಮಂದಿಗೆ 100 ಲೀಟರ್, ಐದಾರು ಮಂದಿಗೆ 200 ಲೀಟರ್. ಹಾಕಿಸುವ ಮುನ್ನ ಇವನ್ನು ನೋಡಿಕೊಳ್ಳಿ.

ಮೊದಲನೆಯದು ಟ್ಯಾಂಕಿನ ಎತ್ತರ. ಸಾದಾ ಹೀಟರ್‌ಗೆ ತಣ್ಣೀರು ತಾನಾಗಿಯೇ ಇಳಿದು ಬರಬೇಕು. ಹಾಗಾಗಿ ಸಿಂಟೆಕ್ಸ್‌ನ ತಳವೇ ಹೀಟರ್ ಟ್ಯಾಂಕಿಗಿಂತ ಮೇಲಿರಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಎರಡನ್ನೂ ಒಂದೇ ಮಾಳಿಗೆಯ ಮೇಲೆ ಒಂದೇ ಮಟ್ಟದಲ್ಲಿ ಕೂರಿಸಿರುತ್ತಾರೆ. ಆಮೇಲೆ ಸಿಂಟೆಕ್ಸ್ ಅರ್ಧ ಖಾಲಿಯಾದಾಗ ಬಿಸಿನೀರು ಬರುವುದಿಲ್ಲ ಅಂತ ಹೀಟರನ್ನು ಬೈಯುತ್ತಾರೆ. ಸಿಂಟೆಕ್ಸ್‌ಗೆ ಸಾಕಷ್ಟು ಎತ್ತರದ ಕಟ್ಟೆ ಅಥವಾ ಕಬ್ಬಿಣದ ಸ್ಟ್ಯಾಂಡ್ ಮೊದಲೇ ಮಾಡಿಸಿ.

ಎರಡನೆಯದು ನೀರಿನ ಗುಣ. ಬೋರಿನ ನೀರು, ಅದರಲ್ಲೂ ಗದಗ ಕಡೆಯದು, ಗಡಸು. ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದಲ್ವಾ, ಅದೇ ಪದರ ಹೀಟರ್ ಒಳಗೂ ಕಟ್ಟುತ್ತದೆ. ತಾಮ್ರದ ಸಣ್ಣ ಪೈಪಿನ ಹೀಟರ್‌ನಲ್ಲಿ ಅದು ದಾರಿಯನ್ನೇ ಮುಚ್ಚಿಬಿಡುತ್ತದೆ. ಗಡಸು ನೀರಿಗೆ ಗಾಜಿನ ಟ್ಯೂಬಿನ ಮಾದರಿ ವಾಸಿ, ಬಿಚ್ಚಿ ತೊಳೆಯಬಹುದು. ಟ್ಯಾಂಕಿನ ಒಳಗೆ ತುಕ್ಕು ತಡೆಯಲು ಮೆಗ್ನೀಷಿಯಂ ಸರಳು ಇರುತ್ತದೆ. ಟ್ಯಾಂಕಿನ ಬದಲು ಅದೇ ಸವೆಯುತ್ತಾ ಹೋಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಿ, ಸವೆದಿದ್ದರೆ ಬದಲಿಸಿ. ಮಾರುವವರು ಇದನ್ನು ಹೇಳುವುದು ಕಡಿಮೆ.

ಮೂರನೆಯದು ಪೈಪಿನ ದೂರ. ಹೀಟರಿನಿಂದ ಬಚ್ಚಲಿಗೆ ಉದ್ದ ಪೈಪು ಇದ್ದರೆ ಬೆಳಗ್ಗೆ ನಳ ಬಿಟ್ಟ ಕೂಡಲೇ ಒಂದು ಬಕೆಟ್ ತಣ್ಣೀರೇ ಬರುತ್ತದೆ. ಆದಷ್ಟು ಬಚ್ಚಲಿನ ನೇರ ಮೇಲೆ ಕೂರಿಸಿ, ಬಿಸಿನೀರಿನ ಪೈಪಿಗೆ ಸ್ಪಂಜಿನ ಹೊದಿಕೆ ಸುತ್ತಿಸಿ.

ಧಾರವಾಡದಲ್ಲಿ ಜುಲೈ, ಆಗಸ್ಟ್‌ನ ಜಿಟಿಜಿಟಿ ಮಳೆಯ ವಾರಗಳಲ್ಲಿ ನೀರು ಕಾಯುವುದಿಲ್ಲ. ಆ ದಿನಗಳಿಗೆ ಸಣ್ಣ ಗೀಸರ್ ಇರಲಿ. ಗ್ಯಾಸ್ ಗೀಸರ್ ಇಟ್ಟುಕೊಳ್ಳುವವರಿಗೆ ಒಂದು ಎಚ್ಚರಿಕೆ: ಅದನ್ನು ಗಾಳಿಯಾಡದ ಬಚ್ಚಲ ಒಳಗೆ ಎಂದೂ ಹಾಕಿಸಬೇಡಿ. ಅದು ಉರಿಯುವಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಗಿಲು ಹಾಕಿಕೊಂಡು ಜಳಕಕ್ಕೆ ಕೂತವರು ಎಚ್ಚರ ತಪ್ಪಿ ಸತ್ತ ಸುದ್ದಿ ಆಗಾಗ ಓದುತ್ತಲೇ ಇದ್ದೇವೆ. ಹೊರಗೋಡೆಗೆ ಹಾಕಿಸಿ.

ಹಳ್ಳಿಯಲ್ಲಿ ಹಂಡೆ ಒಲೆ ಇದ್ದವರು ಅದನ್ನು ಕಿತ್ತು ಹಾಕಬೇಕಿಲ್ಲ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಹಾವೇರಿ ಕಡೆ ರಾಶಿ ಬೀಳುವ ಗೋವಿನಜೋಳದ ಬೆಂಡು, ಇವೆಲ್ಲ ಪ್ರತಿ ವರ್ಷ ಹೊಲದಲ್ಲೇ ಬೆಳೆಯುವ ಇಂಧನ. ಇವನ್ನು ಬಳಸಲು ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕೆಟ್ಟದ್ದು ಒಲೆ. ಮೂರು ಕಲ್ಲಿನ ಒಲೆಯಲ್ಲಿ ಹತ್ತು ಪಾಲು ಕಾವಿನಲ್ಲಿ ಒಂದು ಪಾಲು ಪಾತ್ರೆಗೆ ತಾಗಿದರೆ ಹೆಚ್ಚು. ಉಳಿದದ್ದು ಗಾಳಿಗೆ, ಹೊಗೆ ಹೆಣ್ಣುಮಕ್ಕಳ ಎದೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಅಸ್ತ್ರ ಒಲೆ ಇದಕ್ಕೆ ಪರಿಹಾರ. ಬೆಂಕಿಯ ಗೂಡು ಮುಚ್ಚಿರುತ್ತದೆ, ಗಾಳಿ ಜಾಲರಿಯ ಕೆಳಗಿನಿಂದ ಬರುತ್ತದೆ, ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಹಂಡೆಗೆ ಇದೇ ತತ್ವದ ಬಚ್ಚಲೊಲೆ ಕಟ್ಟಿಸಬಹುದು. ಕಟ್ಟಿಗೆ ಅರ್ಧಕ್ಕಿಂತ ಕಡಿಮೆ ಸಾಕು. ಕಟ್ಟಲು ಬಲ್ಲವರನ್ನು ಹುಡುಕಿ ಕಟ್ಟಿಸಿ. ಅಳತೆ ತಪ್ಪಿದರೆ ಹೊಗೆ ಒಳಗೇ ತುಂಬುತ್ತದೆ.

ಹೆಜ್ಜೆ 4: ಅಡುಗೆಮನೆ

ನಾವು ಬಳಸುವ ಅಡುಗೆ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ. ಉಳಿಸಿದಷ್ಟೂ ಒಳ್ಳೆಯದು. ಬೇಳೆ, ಕಾಳು ನೆನೆಹಾಕಿ ಕುಕ್ಕರಿನಲ್ಲಿ ಇಡಿ, ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ, ಪಾತ್ರೆ ಮುಚ್ಚಿ. ಇದು ನಿಮಗೆ ಗೊತ್ತೇ ಇದೆ.

ಇಂಡಕ್ಷನ್ ಒಲೆ ತರಬೇಕಾ ಅಂತ ಬಹಳ ಜನ ಕೇಳುತ್ತಾರೆ. ಲೆಕ್ಕ ಹೀಗೆ: 14.2 ಕಿಲೋ ಸಿಲಿಂಡರ್ ಮಾಡುವ ಅಡುಗೆಯನ್ನು ಇಂಡಕ್ಷನ್‌ನಲ್ಲಿ ಮಾಡಲು ಸುಮಾರು 125ರಿಂದ 130 ಯೂನಿಟ್ ಬೇಕು. ಯೂನಿಟ್‌ಗೆ ಆರು ರೂಪಾಯಿ ಆಸುಪಾಸು ಹಿಡಿದು, ಇವತ್ತಿನ ಸಿಲಿಂಡರ್ ದರದ ಜೊತೆ ಹೋಲಿಸಿ ನೋಡಿ. ದೊಡ್ಡ ಉಳಿತಾಯ ಏನಿಲ್ಲ. ಮೇಲಾಗಿ ಗೃಹಜ್ಯೋತಿಯ ಮಿತಿ ದಾಟುತ್ತದೆ. ಮಾಳಿಗೆ ಮೇಲೆ ಸ್ವಂತ ಸೋಲಾರ್ ಬಂದ ಮೇಲೆ ಮಾತ್ರ ಇಂಡಕ್ಷನ್‌ಗೆ ಅರ್ಥ ಬರುತ್ತದೆ. ಆಗಲೂ ಅನ್ನ, ಬೇಳೆ, ಚಹಾ, ಹಾಲು ಇವಕ್ಕೆ ಸರಿ. ಜೋಳದ ರೊಟ್ಟಿಗೆ ಆಗದು. ಹಂಚಿನ ಮೇಲೆ ನೀರು ಸವರಿ ಬೇಯಿಸಿದ ರೊಟ್ಟಿ ಕೊನೆಗೆ ಬೆಂಕಿಗೆ ಹಿಡಿದಾಗಲೇ ಪುರಿಯ ಹಾಗೆ ಉಬ್ಬುವುದು. ರೊಟ್ಟಿಗೆ ಉರಿ ಇರಲಿ, ಉಳಿದದ್ದನ್ನು ಇಂಡಕ್ಷನ್‌ಗೆ ಬಿಡಿ.

ದನ ಇರುವ ಮನೆಗೆ ನನ್ನ ಸಲಹೆ ಬೇರೆ. ನಾಲ್ಕೈದು ದನ ಇದ್ದು, ಸಗಣಿ ಮನೆ ಹತ್ತಿರವೇ ಬೀಳುತ್ತಿದ್ದರೆ ಗೋಬರ್ ಗ್ಯಾಸ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ಶಿರಸಿ ಸೀಮೆಯವರು ಎಷ್ಟೋ ವರ್ಷಗಳಿಂದ ಮನೆಮನೆಯಲ್ಲಿ ನಡೆಸಿ ತೋರಿಸಿದ್ದಾರೆ. 2 ಘನ ಮೀಟರಿನ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಹಸಿ ಸಗಣಿ, ಅಷ್ಟೇ ನೀರು ಬೇಕು. ಪೂರ್ತಿ ಹೊಟ್ಟೆ ತುಂಬಿಸಿದರೆ ಎರಡು-ಎರಡೂವರೆ ವಾರಕ್ಕೊಂದು ಸಿಲಿಂಡರ್‌ಗೆ ಸಮನಾದ ಗ್ಯಾಸ್ ಕೊಡುತ್ತದೆ. ಹೊರಬರುವ ಬಗ್ಗಡ ಹೊಲಕ್ಕೆ ಹಾಕಿದರೆ ಹಸಿ ಸಗಣಿಗಿಂತ ಒಳ್ಳೇ ಗೊಬ್ಬರ. ಕುಳ್ಳು ತಟ್ಟಿ ಸುಟ್ಟರೆ ಆ ಗೊಬ್ಬರ ಬೂದಿಯಾಗುತ್ತದೆ. ಅದೇ ನನಗೆ ಬೇಸರ.

ಎಲ್ಲಿ ಎಡವುತ್ತಾರೆ ಅಂದರೆ, ದನ ಕಡಿಮೆಯಾದ ಮೇಲೂ ಗುಂಡಿಗೆ ಎರಡು ಬುಟ್ಟಿ ಹಾಕಿ ಗ್ಯಾಸ್ ಬರಲಿಲ್ಲ ಅನ್ನುವುದು. ಸೋಪಿನ ನೀರು, ಫಿನಾಯಿಲ್ ತೊಳೆದ ನೀರು ಒಳಗೆ ಬಿಡುವುದು. ಇವು ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ. ಚಳಿಗಾಲದಲ್ಲಿ ಗ್ಯಾಸ್ ಸ್ವಲ್ಪ ಇಳಿಯುವುದು ಸಹಜ, ಆದ್ದರಿಂದ ಗುಂಡಿಯನ್ನು ಬಿಸಿಲು ಬೀಳುವ ಜಾಗದಲ್ಲೇ ತೋಡಿಸಿ. ಕುಡಿಯುವ ನೀರಿನ ಬಾವಿಯಿಂದ ದೂರವಿರಲಿ. ಸಿಲಿಂಡರ್ ಒಲೆಗೆ ಈ ಗ್ಯಾಸ್ ಒಗ್ಗುವುದಿಲ್ಲ, ಗೋಬರ್ ಗ್ಯಾಸಿನದೇ ಬರ್ನರ್ ಬೇಕು. ಬೇಸಿಗೆಯಲ್ಲಿ ದಿನಕ್ಕೆ 50 ಲೀಟರ್ ನೀರು ಹೊಂದಿಸಲಾಗದ ಊರಾದರೆ ಕಟ್ಟಿಸುವ ಮುಂಚೆಯೇ ಯೋಚನೆ ಮಾಡಿ.

ಹೆಜ್ಜೆ 5: ಫ್ಯಾನು, ದೀಪ, ಗಾಡಿ

ಹಗಲು-ರಾತ್ರಿ ತಿರುಗುವ ಫ್ಯಾನನ್ನು ಮಾತ್ರ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿ. 30 ವಾಟ್ ಆಸುಪಾಸಿನಲ್ಲಿ ಅಷ್ಟೇ ಗಾಳಿ ಬರುತ್ತದೆ, ತಿಂಗಳಿಗೆ ಹದಿನಾರು ಯೂನಿಟ್ ಉಳಿಯುತ್ತದೆ. ಅಪರೂಪಕ್ಕೆ ತಿರುಗುವ ಹಾಲಿನ ಫ್ಯಾನ್ ಬದಲಿಸಲು ದುಡ್ಡು ಹಾಕಬೇಡಿ.

ಹುಬ್ಬಳ್ಳಿ-ಧಾರವಾಡ ನಡುವೆ ದಿನಾ ಓಡಾಡುವವರು ಒಬ್ಬರೇ ಕಾರಿನಲ್ಲಿ ಹೋಗುವ ಬದಲು ಚಿಗರಿ ಬಸ್ಸು ಹತ್ತಿದರೆ ಅದೇ ದೊಡ್ಡ ಉಳಿತಾಯ. ಊರೊಳಗೆ ಓಡಾಟ ಹೆಚ್ಚಿದ್ದರೆ ಎಲೆಕ್ಟ್ರಿಕ್ ಸ್ಕೂಟರ್ ನೋಡಬಹುದು. 100 ಕಿಲೋಮೀಟರಿಗೆ ಮೂರರಿಂದ ನಾಲ್ಕು ಯೂನಿಟ್ ಸಾಕು. ಪೆಟ್ರೋಲ್ ಗಾಡಿಗೆ ಅಷ್ಟೇ ದೂರಕ್ಕೆ ಎರಡು ಲೀಟರ್ ಬೇಕು. ಚಾರ್ಜ್ ಹಾಕುವ ಪಾಯಿಂಟಿಗೆ ಸರಿಯಾದ ಅರ್ಥಿಂಗ್ ಇರಲಿ.

ಹೆಜ್ಜೆ 6: ಈಗ ಮಾಳಿಗೆ

ಮೇಲಿನದ್ದೆಲ್ಲ ಮಾಡಿದ ಮೇಲೂ ತಿಂಗಳ ಬಳಕೆ 200ರ ಮೇಲಿದ್ದರೆ ಪ್ಯಾನೆಲ್ ಹಾಕಿಸುವುದು ಲಾಭವೇ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುತ್ತಿದ್ದರೆ ಅವಸರ ಬೇಡ. ಹಾಕಿದ ದುಡ್ಡು ವಾಪಸ್ ಬರಲು ಬಹಳ ವರ್ಷ ಬೇಕು. ಆ ದುಡ್ಡನ್ನು ವಾಟರ್ ಹೀಟರ್‌ಗೆ ಹಾಕಿ.

1 ಕಿಲೋವಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಸರಾಸರಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. ಮಾರ್ಚ್‌ನಲ್ಲಿ ಜಾಸ್ತಿ, ಮಳೆಗಾಲದಲ್ಲಿ ಕಡಿಮೆ. ಬಳಕೆಗೆ ತಕ್ಕಷ್ಟೇ ಹಾಕಿಸಿ. ನೀವು ಬಳಸಿ ಉಳಿದು ಹೆಸ್ಕಾಂಗೆ ಹೋಗುವ ಯೂನಿಟ್‌ಗೆ ಸಿಗುವ ದರ ನೀವು ಕೊಡುವ ದರಕ್ಕಿಂತ ಕಡಿಮೆ.

2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಯೋಜನೆಯ ಪೋರ್ಟಲ್‌ನಲ್ಲಿ ನಿಮ್ಮ ಕರೆಂಟ್ ಬಿಲ್ಲಿನ ಗ್ರಾಹಕ ಸಂಖ್ಯೆ ಹಾಕಿ ಅರ್ಜಿ ಕೊಡಬೇಕು. ಹೆಸ್ಕಾಂ ಒಪ್ಪಿದ ಮೇಲೆ ಅಲ್ಲಿಯೇ ನೋಂದಾಯಿತರಾದ ಒಬ್ಬರನ್ನು ಆರಿಸಿಕೊಳ್ಳಿ. ಪ್ಯಾನೆಲ್ ಕೂರಿಸಿ, ಪಡೆದ ಮತ್ತು ಕೊಟ್ಟ ಕರೆಂಟ್ ಎರಡನ್ನೂ ಅಳೆಯುವ ನೆಟ್ ಮೀಟರ್ ಹಾಕಿಸಿ, ತಪಾಸಣೆ ಮುಗಿದ ಮೇಲೆ ಬ್ಯಾಂಕ್ ವಿವರ ತುಂಬಿದರೆ ಸಬ್ಸಿಡಿ ಖಾತೆಗೆ ಬರುತ್ತದೆ. ಅಂದರೆ ಮೊದಲು ನೀವೇ ದುಡ್ಡು ಅಥವಾ ಸಾಲ ಹೊಂದಿಸಬೇಕು. ದೇಶದೊಳಗೆ ತಯಾರಾದ ಪ್ಯಾನೆಲ್‌ಗೆ ಮಾತ್ರ ಸಬ್ಸಿಡಿ. ಅದನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ಅರ್ಜಿ ಹಾಕುವ ಮುನ್ನ ಬಿಲ್ಲಿನ ಮೇಲಿನ ಹೆಸರು ನೋಡಿ. ನಮ್ಮ ಹಳೇ ಓಣಿಗಳಲ್ಲಿ ಎಷ್ಟೋ ಮೀಟರ್ ಇನ್ನೂ ಅಜ್ಜನ ಹೆಸರಿನಲ್ಲೇ ಇವೆ. ಅರ್ಜಿದಾರರ ಹೆಸರು, ಬಿಲ್ಲಿನ ಹೆಸರು ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹೆಸರು ಬದಲಾವಣೆ ಮೊದಲು ಮಾಡಿಸಿಕೊಳ್ಳಿ.

ಇನ್ನು ನೆರಳು. ಬೆಳಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಮೂರು ಗಂಟೆಗೆ ಮಾಳಿಗೆ ಹತ್ತಿ ನೆರಳಿನ ಗೆರೆಯನ್ನು ಸುಣ್ಣದಿಂದ ಗುರುತು ಮಾಡಿ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಸುಮಾರು 15 ಡಿಗ್ರಿ ಓರೆಯಾಗಿರಬೇಕು, ನಮ್ಮ ಊರುಗಳು ಇರುವುದೇ 15 ಡಿಗ್ರಿ ಅಕ್ಷಾಂಶದ ಆಸುಪಾಸು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದಾಗ ನೆರಳು ಉದ್ದ ಬೀಳುತ್ತದೆ. ಆಗ ದಕ್ಷಿಣದ ತೆಂಗಿನ ಮರ, ಪಕ್ಕದ ಮನೆಯ ಸಿಂಟೆಕ್ಸ್ ಅಡ್ಡ ಬರುತ್ತವೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತಾನೆ. ಬೇಸಿಗೆಯಲ್ಲಷ್ಟೇ ನೋಡಿ ಜಾಗ ಗೊತ್ತು ಮಾಡಿದರೆ ಚಳಿಗಾಲದಲ್ಲಿ ನಷ್ಟ. ಒಂದು ಪ್ಯಾನೆಲ್‌ನ ಮೂಲೆಗೆ ಬಿದ್ದ ನೆರಳೂ ಇಡೀ ಸಾಲಿನ ಕರೆಂಟ್ ಇಳಿಸಬಲ್ಲದು.

ಮಣ್ಣಿನ ಮಾಳಿಗೆ, ಹಂಚಿನ ಮನೆ ಇದ್ದವರು ಅದರ ಮೇಲೆ ಭಾರ ಹೇರಬೇಡಿ, ಹಿತ್ತಲಿನಲ್ಲಿ ಕಂಬದ ಮೇಲೆ ನಿಲ್ಲಿಸಬಹುದು. ಗದಗದ ಗಾಳಿಗೆ ಸ್ಟ್ಯಾಂಡ್ ಬಿಗಿಯಾಗಿರಬೇಕು. ಏಪ್ರಿಲ್, ಮೇ ತಿಂಗಳ ಗುಡುಗು-ಸಿಡಿಲಿನ ಮಳೆಗೆ ಮಿಂಚು ತಡೆಯುವ ಸರಳು ಮತ್ತು ಪ್ರತ್ಯೇಕ ಅರ್ಥಿಂಗ್ ಬೇಕೇ ಬೇಕು. ಅದನ್ನು ಬಿಟ್ಟು ದರ ಇಳಿಸುತ್ತೇವೆ ಅನ್ನುವವರ ಮಾತು ಕೇಳಬೇಡಿ. ಧೂಳನ್ನು ಬೆಳಗ್ಗೆ ಬೇಗ ಅಥವಾ ಸಂಜೆ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಹಾಕಬಾರದು. ಬೋರಿನ ನೀರಾದರೆ ತೊಳೆದ ಕೂಡಲೇ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ.

ಇನ್ನೊಂದು ಮಾತನ್ನು ಮೊದಲೇ ತಿಳಿದಿರಿ. ಬ್ಯಾಟರಿ ಇಲ್ಲದ ಸಿಸ್ಟಂನಲ್ಲಿ ಹೆಸ್ಕಾಂ ಕರೆಂಟ್ ಹೋದರೆ ನಿಮ್ಮ ಸೋಲಾರೂ ನಿಲ್ಲುತ್ತದೆ, ಬಿಸಿಲು ಎಷ್ಟೇ ಇರಲಿ. ತಂತಿ ರಿಪೇರಿ ಮಾಡುವ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಕೇಳಿ, ಅದು ದುಬಾರಿ.

ಹೆಜ್ಜೆ 7: ಹೊಲದ ಪಂಪ್‌ಸೆಟ್

10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಹಾಗಂತ ಸುಮ್ನೆ ಓಡಿಸುವುದು ನಮಗೇ ನಷ್ಟ. ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಹದಿನೈದು ಮಂದಿಯ ಬೆಳೆ ಒಣಗುತ್ತದೆ. ಕರೆಂಟ್ ಬಂದ ಕ್ಷಣವೇ ಎಲ್ಲರ ಆಟೋ ಸ್ಟಾರ್ಟರ್ ಒಟ್ಟಿಗೆ ಮೋಟರ್ ಎತ್ತುವುದೇ ಟಿಸಿ ಸುಡಲು ಒಂದು ದೊಡ್ಡ ಕಾರಣ. ಸ್ಟಾರ್ಟರ್‌ಗೆ ಟೈಮರ್ ಹಾಕಿಸಿ, ಒಂದೇ ಟಿಸಿಯ ರೈತರು ಕೂತು ಮಾತಾಡಿ ಒಬ್ಬೊಬ್ಬರು ಬೇರೆ ಬೇರೆ ನಿಮಿಷಕ್ಕೆ ಇಟ್ಟುಕೊಳ್ಳಿ. ಮೋಟರ್‌ಗೆ ಸರಿಯಾದ ಕೆಪಾಸಿಟರ್ ಹಾಕಿಸಿ. ಹನಿ ನೀರಾವರಿ ಇದ್ದರೆ ಮೋಟರ್ ಓಡುವ ತಾಸೇ ಕಡಿಮೆಯಾಗುತ್ತದೆ.

ಲೈನ್ ಇಲ್ಲದ ಹೊಲಕ್ಕೆ ಪಿಎಂ ಕುಸುಮ್ ಯೋಜನೆಯ ಸೋಲಾರ್ ಪಂಪ್ ಇದೆ. ನಮ್ಮ ರಾಜ್ಯದಲ್ಲಿ ಕೇಂದ್ರ ಶೇ 30, ರಾಜ್ಯ ಶೇ 50 ಕೊಡುತ್ತವೆ, ರೈತರದ್ದು ಶೇ 20. ರಾತ್ರಿ ಹೊಲಕ್ಕೆ ಹೋಗಿ ಹಾವು-ಚೇಳಿನ ನಡುವೆ ನೀರು ಹಾಯಿಸುವ ಕಷ್ಟ ತಪ್ಪುತ್ತದೆ, ಇದಕ್ಕಿಂತ ದೊಡ್ಡ ಲಾಭ ನನಗೆ ಕಾಣುವುದಿಲ್ಲ. ಆದರೆ ಬೋರ್ ಬಹಳ ಆಳವಿದ್ದರೆ ಸಣ್ಣ ಸೋಲಾರ್ ಪಂಪ್ ಎಳೆಯುವುದಿಲ್ಲ. ಬೋರಿನ ಆಳ, ಬೇಸಿಗೆಯಲ್ಲಿ ನೀರು ನಿಲ್ಲುವ ಮಟ್ಟ, ಈಗಿನ ಮೋಟರಿನ ಎಚ್‌ಪಿ, ಎಷ್ಟು ಇಂಚು ನೀರು ಬರುತ್ತದೆ, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುವ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಆ ಹಾಳೆ ತೆಗೆದುಕೊಂಡು ಹೋಗಿ, ಪಂಪ್ ಮಾರುವವರ ಮುಂದಿಟ್ಟು, ಬೇಸಿಗೆಯ ಆ ಮಟ್ಟದಿಂದ ದಿನಕ್ಕೆ ಎಷ್ಟು ಲೀಟರ್ ಎತ್ತುತ್ತದೆ ಅಂತ ಬರವಣಿಗೆಯಲ್ಲೇ ಕೇಳಿ.